ಭೂಮಿಯ ಜ್ವರವನ್ನು ಮೊದಲು ಲೆಕ್ಕ ಹಾಕಿದ ಸ್ವಾಂಟೆ ಅರೇನಿಯಸ್

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಅರೇನಿಯಸ್ ಎಂಬ ಹೆಸರು ಹೊಸದಲ್ಲ. ಆಮ್ಲ ಮತ್ತು ಪ್ರತ್ಯಾಮ್ಲಗಳ ವ್ಯಾಖ್ಯೆಯಲ್ಲಿ ಒಮ್ಮೆ, ರಾಸಾಯನಿಕ ಕ್ರಿಯೆಗಳ ವೇಗವನ್ನು ಹೇಳುವ ಸಮೀಕರಣದಲ್ಲಿ ಮತ್ತೊಮ್ಮೆ ಆ ಹೆಸರು ಎದುರಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಬಹುತೇಕರು ಅದನ್ನು ಮರೆತೂಬಿಡುತ್ತಾರೆ. ಆದರೆ ಇಂದು ಜಗತ್ತಿನ ಎಲ್ಲ ಸರ್ಕಾರಗಳ ನಿದ್ದೆಗೆಡಿಸಿರುವ ಪ್ರಶ್ನೆಯೊಂದಕ್ಕೆ ಮೊತ್ತಮೊದಲು ಅಂಕಿಗಳಲ್ಲಿ ಉತ್ತರ ಕೊಟ್ಟವರೂ ಇದೇ ಸ್ವೀಡನ್ನಿನ ವಿಜ್ಞಾನಿ ಎಂಬುದು ಪಠ್ಯಪುಸ್ತಕದಾಚೆಗೆ ಉಳಿದ ಸಂಗತಿ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂಬುದೇ ಆ ಪ್ರಶ್ನೆ. ಅರೇನಿಯಸ್ ಅದಕ್ಕೆ ಉತ್ತರ ಪ್ರಕಟಿಸಿದ್ದು 1896ರಲ್ಲಿ.

ಅವರ ಲೆಕ್ಕ ದಶಕಗಳ ಕಾಲ ಮೂಲೆಗುಂಪಾಗಿ, ನಂತರ ಮತ್ತೆ ಮುಂದೆ ಬಂದಿತು. ಆ ಲೆಕ್ಕದ ಅರ್ಥವೇನೆಂದು ಅವರು ಭಾವಿಸಿದ್ದರೋ ಅದು ಮಾತ್ರ ತಲೆಕೆಳಗಾಯಿತು. ವಿಜ್ಞಾನಿಯೊಬ್ಬ ಸತ್ಯದ ಹತ್ತಿರ ಹೋಗಿಯೂ ಅದರ ಪರಿಣಾಮವನ್ನು ಕಾಣದೆ ಹೋಗಬಹುದು ಎಂಬುದಕ್ಕೆ ಅರೇನಿಯಸ್ ಅವರ ಬದುಕು ಒಂದು ನಿದರ್ಶನ.

ಉಪ್ಸಾಲದ ಬಾಲಕ

ಸ್ವಾಂಟೆ ಆಗಸ್ಟ್ ಅರೇನಿಯಸ್ ಜನಿಸಿದ್ದು 1859ರ ಫೆಬ್ರವರಿ 19ರಂದು, ಉಪ್ಸಾಲ ನಗರದ ಸಮೀಪದ ವೀಕ್ ಎಂಬಲ್ಲಿ. ತಂದೆ ಭೂಮಾಪಕರಾಗಿದ್ದರು. ಮಗು ಹುಟ್ಟಿದ ಮರುವರ್ಷವೇ ಕುಟುಂಬ ಉಪ್ಸಾಲಕ್ಕೆ ಬಂದು ನೆಲೆಸಿತು. ಮೂರರ ಹರೆಯದಲ್ಲೇ ಬಾಲಕ ಯಾರೂ ಹೇಳಿಕೊಡದೆ ಓದಲು ಕಲಿತಿದ್ದ. ತಂದೆಯ ಲೆಕ್ಕದ ಪುಸ್ತಕಗಳಲ್ಲಿನ ಅಂಕಿಗಳನ್ನು ನೋಡುತ್ತಲೇ ಕೂಡುವುದು ಕಳೆಯುವುದು ಅವನಿಗೆ ಕರಗತವಾಯಿತೆಂದು ಹೇಳಲಾಗುತ್ತದೆ. ಅಂಕಿಗಳೊಡನೆ ಬೆಳೆದ ಆ ನಂಟು ಕಡೆಯವರೆಗೂ ಬಿಡಲಿಲ್ಲ.

ಅವರು ಹುಟ್ಟಿದ ವರ್ಷವೇ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಾನ್ ಟಿಂಡಲ್ ಎಂಬ ವಿಜ್ಞಾನಿ ಗಾಳಿಯಲ್ಲಿನ ಅನಿಲಗಳು ಶಾಖವನ್ನು ಹೇಗೆ ಹೀರುತ್ತವೆ ಎಂಬುದನ್ನು ಪ್ರಯೋಗದಿಂದ ಅಳೆಯುತ್ತಿದ್ದುದು ಕಾಕತಾಳೀಯ. ಸಾರಜನಕ ಮತ್ತು ಆಮ್ಲಜನಕಗಳು ಶಾಖದ ಕಿರಣಗಳನ್ನು ಸರಾಗವಾಗಿ ಹಾದುಹೋಗಲು ಬಿಡುತ್ತವೆ, ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ತಡೆಯುತ್ತವೆ ಎಂದು ಟಿಂಡಲ್ ತೋರಿಸಿದರು. ಅದಕ್ಕೂ ಮೂರು ವರ್ಷ ಮೊದಲು, 1856ರಲ್ಲಿ, ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ಕೊಳವೆ ಬಿಸಿಲಿನಲ್ಲಿ ಹೆಚ್ಚು ಕಾಯುವುದನ್ನು ಗುರುತಿಸಿದ್ದರು. ಇನ್ನೂ ಹಿಂದೆ, 1824ರಲ್ಲಿ, ಫ್ರಾನ್ಸಿನ ಜೋಸೆಫ್ ಫೂರಿಯೆ ವಾಯುಮಂಡಲವು ಭೂಮಿಯ ಶಾಖವನ್ನು ಹಿಡಿದಿಡುತ್ತದೆ ಎಂಬ ವಿಚಾರವನ್ನು ಮುಂದಿಟ್ಟಿದ್ದರು. ಹೀಗೆ ಬೀಜಗಳು ಅಲ್ಲಲ್ಲಿ ಬಿದ್ದಿದ್ದವು. ಇವೆಲ್ಲವನ್ನೂ ಒಟ್ಟುಗೂಡಿಸಿ ಇಡೀ ಭೂಮಿಗೆ ಅನ್ವಯಿಸುವ ಲೆಕ್ಕ ಮಾತ್ರ ಯಾರಿಂದಲೂ ಆಗಿರಲಿಲ್ಲ.

ಕೆಳದರ್ಜೆಯ ಪ್ರಬಂಧ, ಜಗತ್ತಿನ ಮನ್ನಣೆ

ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ಓದಿದ ಅರೇನಿಯಸ್ ಅವರಿಗೆ ಅಲ್ಲಿನ ಪ್ರಾಧ್ಯಾಪಕರ ಬೋಧನೆ ಹಿಡಿಸಲಿಲ್ಲ. 1881ರಲ್ಲಿ ಸ್ಟಾಕ್‌ಹೋಮ್‌ಗೆ ತೆರಳಿ, ವಿಜ್ಞಾನ ಅಕಾಡೆಮಿಯಲ್ಲಿ ಭೌತವಿಜ್ಞಾನಿ ಎರಿಕ್ ಎಡ್ಲಂಡ್ ಅವರ ಬಳಿ ಕೆಲಸಕ್ಕೆ ಸೇರಿದರು. ಲವಣಗಳು ನೀರಿನಲ್ಲಿ ಕರಗಿದಾಗ ಆ ದ್ರಾವಣದಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆ ಎಂಬುದು ಅವರ ಸಂಶೋಧನೆಯ ವಿಷಯ. ಕರಗಿದ ಲವಣದ ಅಣುಗಳು ವಿದ್ಯುತ್ತನ್ನು ಒಯ್ಯಬಲ್ಲ ಭಾಗಗಳಾಗಿ, ಅಂದರೆ ಅಯಾನುಗಳಾಗಿ ತಾವಾಗಿಯೇ ಒಡೆದಿರುತ್ತವೆ ಎಂಬ ನಿಲುವಿನತ್ತ ಈ ಸಂಶೋಧನೆ ಅವರನ್ನು ಕೊಂಡೊಯ್ದಿತು.

1884ರಲ್ಲಿ ಉಪ್ಸಾಲಕ್ಕೆ ಸಲ್ಲಿಸಿದ ಈ ಪ್ರಬಂಧಕ್ಕೆ ಪರೀಕ್ಷಕರು ಕೊಟ್ಟದ್ದು ಕೆಳದರ್ಜೆ. ಬೋಧಕ ಹುದ್ದೆಯ ಬಾಗಿಲನ್ನೇ ಮುಚ್ಚಬಲ್ಲ ದರ್ಜೆ ಅದು. ಧೃತಿಗೆಡದ ತರುಣ ತನ್ನ ಪ್ರಬಂಧದ ಪ್ರತಿಗಳನ್ನು ಯುರೋಪಿನ ಹೆಸರಾಂತ ವಿಜ್ಞಾನಿಗಳಿಗೆ ಕಳುಹಿಸಿಕೊಟ್ಟರು. ರೀಗಾ ನಗರದಲ್ಲಿದ್ದ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ ಅದನ್ನು ಓದಿ, ಲೇಖಕರನ್ನು ಕಾಣಲು ಸ್ವತಃ ಉಪ್ಸಾಲಕ್ಕೆ ಪ್ರಯಾಣ ಬೆಳೆಸಿದರು. ಹೊರಗಿನ ಮನ್ನಣೆ ದೊರೆತ ಮೇಲೆ ಊರಿನ ಬಾಗಿಲೂ ತೆರೆಯಿತು. ಅದೇ ವರ್ಷದ ಕೊನೆಗೆ ಅವರಿಗೆ ಉಪ್ಸಾಲದಲ್ಲಿ ಬೋಧಕರ ಸ್ಥಾನ ದೊರೆಯಿತು. ನಂತರದ ವರ್ಷಗಳಲ್ಲಿ ಅವರು ಓಸ್ಟ್‌ವಾಲ್ಡ್, ಕೋಲ್‌ರಾಶ್, ಬೋಲ್ಟ್ಸ್‌ಮನ್, ವಾಂಟ್ ಹಾಫ್ ಮೊದಲಾದವರ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿ ಬಂದರು. 1887ರಲ್ಲಿ ಅಯಾನು ಸಿದ್ಧಾಂತ ಪೂರ್ಣರೂಪ ಪಡೆಯಿತು.

ಅಪಮಾನಿತ ಪ್ರಬಂಧದಿಂದ ಬೆಳೆದ ಈ ಸಿದ್ಧಾಂತವೇ 1903ರಲ್ಲಿ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ತಂದುಕೊಟ್ಟಿತು. ಆ ಪ್ರಶಸ್ತಿ ಪಡೆದ ಪ್ರಥಮ ಸ್ವೀಡಿಷ್ ಪ್ರಜೆ ಅವರು.

ಹಿಮಯುಗದ ಒಗಟು

ವಾಯುಗುಣದ ಕಡೆಗೆ ಅರೇನಿಯಸ್ ಅವರ ಗಮನ ಹರಿದದ್ದು 1891ರಲ್ಲಿ ಸ್ಟಾಕ್‌ಹೋಮ್ ಹೊಗ್‌ಸ್ಕೋಲಾ ಎಂಬ ಹೊಸ ಕಾಲೇಜಿಗೆ ಉಪನ್ಯಾಸಕರಾಗಿ ಬಂದ ಮೇಲೆ. ಅಲ್ಲಿನ ಭೌತವಿಜ್ಞಾನ ಸಂಘದ ಸಭೆಗಳಲ್ಲಿ ಭೂವಿಜ್ಞಾನಿಗಳು, ಹವಾಮಾನ ತಜ್ಞರು, ಖಗೋಳ ವಿಜ್ಞಾನಿಗಳು ಒಂದೆಡೆ ಕೂಡಿ ಚರ್ಚಿಸುತ್ತಿದ್ದರು. ಆ ಕಾಲದ ದೊಡ್ಡ ಒಗಟು ಹಿಮಯುಗ. ಒಂದು ಕಾಲದಲ್ಲಿ ಸ್ಕ್ಯಾಂಡಿನೇವಿಯ ಪೂರ್ತಿ ದಪ್ಪನೆಯ ಮಂಜುಗಡ್ಡೆಯಡಿ ಹುದುಗಿತ್ತು ಎಂಬುದಕ್ಕೆ ಬಂಡೆಗಳ ಮೇಲಿನ ಗೀರುಗಳೇ ಸಾಕ್ಷಿಯಾಗಿದ್ದವು. ಹಾಗಾದರೆ ಭೂಮಿ ತಣ್ಣಗಾದದ್ದು ಯಾವ ಕಾರಣದಿಂದ, ಮತ್ತೆ ಬೆಚ್ಚಗಾದದ್ದು ಹೇಗೆ?

ಕಾಲೇಜಿನ ಸಹೋದ್ಯೋಗಿ, ಭೂವಿಜ್ಞಾನಿ ಆರ್ವಿಡ್ ಹೊಗ್‌ಬೊಮ್ ಅವರ ಅಧ್ಯಯನ ಇಲ್ಲಿ ನೆರವಾಯಿತು. ಜ್ವಾಲಾಮುಖಿಗಳು ಇಂಗಾಲದ ಡೈಆಕ್ಸೈಡನ್ನು ಉಗುಳುತ್ತವೆ, ಬಂಡೆಗಳ ಸವಕಳಿ ಮತ್ತು ಸುಣ್ಣಕಲ್ಲಿನ ರಚನೆ ಅದನ್ನು ಹೀರಿಕೊಳ್ಳುತ್ತವೆ. ಈ ಜಮಾ ಖರ್ಚಿನಲ್ಲಿ ಏರುಪೇರಾದರೆ ಗಾಳಿಯಲ್ಲಿನ ಅನಿಲದ ಪ್ರಮಾಣವೂ ಯುಗದಿಂದ ಯುಗಕ್ಕೆ ಬದಲಾಗುತ್ತದೆ ಎಂಬುದು ಹೊಗ್‌ಬೊಮ್ ಅವರ ವಾದ. ಜಗತ್ತು ವರ್ಷಕ್ಕೆ ಸುಡುತ್ತಿದ್ದ ಸುಮಾರು 50 ಕೋಟಿ ಟನ್ ಕಲ್ಲಿದ್ದಲಿನ ಹೊಗೆಯನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ವಾಯುಮಂಡಲದಲ್ಲಿರುವ ಒಟ್ಟು ಇಂಗಾಲದ ಡೈಆಕ್ಸೈಡಿನ ಸುಮಾರು ಸಾವಿರದ ಒಂದು ಭಾಗದಷ್ಟು ಅನಿಲವನ್ನು ಆ ಹೊಗೆ ಪ್ರತಿವರ್ಷ ಗಾಳಿಗೆ ಸೇರಿಸುತ್ತಿತ್ತು.

ಚಂದ್ರನ ಬೆಳಕಿನಿಂದ ಭೂಮಿಯ ಲೆಕ್ಕ

1894ರ ಕ್ರಿಸ್‌ಮಸ್ ಹಿಂದಿನ ದಿನ ಅರೇನಿಯಸ್ ಲೆಕ್ಕಕ್ಕೆ ಕುಳಿತರು. ಅದು ಮುಗಿಯಲು ಸರಿಸುಮಾರು ಒಂದು ವರ್ಷ ಹಿಡಿಯಿತು. ಗಣಕಯಂತ್ರಗಳಿಲ್ಲದ ಕಾಲ. ಸಾವಿರಾರು ಲೆಕ್ಕಗಳನ್ನು ಕಾಗದ ಪೆನ್ಸಿಲ್ ಹಿಡಿದು ಒಂದೊಂದಾಗಿ ಮಾಡಬೇಕಿತ್ತು. ಅದೇ ಅವಧಿಯಲ್ಲಿ ಅವರ ಮನೆಯೂ ಒಡೆಯುತ್ತಿತ್ತು. ತಮ್ಮ ವಿದ್ಯಾರ್ಥಿನಿಯಾಗಿದ್ದ ಸೋಫಿಯಾ ರೂಡ್‌ಬೆಕ್ ಅವರನ್ನು ಅವರು ವರಿಸಿದ್ದು 1894ರಲ್ಲಿ. 1895ರಲ್ಲಿ ಮಗ ಓಲಾಫ್ ಹುಟ್ಟಿದ. ಮರುವರ್ಷ ದಾಂಪತ್ಯ ಮುರಿದುಬಿದ್ದಿತು. ಬದುಕಿನ ಈ ಕಷ್ಟಕಾಲದಲ್ಲಿ ಅಂಕಿಗಳೇ ಅವರಿಗೆ ಆಸರೆಯಾಗಿದ್ದಿರಬೇಕು.

ಲೆಕ್ಕದ ತಿರುಳು ಹೀಗಿತ್ತು. ಸೂರ್ಯನ ಬೆಳಕು ಗಾಳಿಯನ್ನು ಹಾದು ನೆಲವನ್ನು ಕಾಯಿಸುತ್ತದೆ. ಕಾದ ನೆಲ ಆ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಆಕಾಶದತ್ತ ಮರಳಿಸುತ್ತದೆ. ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಈ ಕಿರಣಗಳಲ್ಲಿ ಒಂದಷ್ಟನ್ನು ಹೀರಿ, ಅದರ ಪಾಲನ್ನು ಮತ್ತೆ ನೆಲಕ್ಕೇ ಸೂಸುತ್ತವೆ. ಚಳಿಗಾಲದ ರಾತ್ರಿ ಹೊದ್ದ ಕಂಬಳಿ ಮೈಯ ಶಾಖವನ್ನು ಒಳಗೇ ಉಳಿಸಿದಂತೆ ಈ ಅನಿಲಗಳು ಭೂಮಿಯನ್ನು ಬೆಚ್ಚಗಿಡುತ್ತವೆ. ಇದನ್ನೇ ಇಂದು ಹಸಿರುಮನೆ ಪರಿಣಾಮ ಎಂದು ಕರೆಯಲಾಗುತ್ತದೆ. ಗಾಜಿನ ಮನೆ ಬೆಚ್ಚಗಿರುವುದು ಮುಖ್ಯವಾಗಿ ಒಳಗಿನ ಗಾಳಿ ಹೊರಹೋಗದಿರುವುದರಿಂದ. ಹಾಗಾಗಿ ಹೆಸರು ಅಷ್ಟು ನಿಖರವಲ್ಲವಾದರೂ ರೂಢಿಯಲ್ಲಿ ಅದೇ ಉಳಿದಿದೆ. ಈ ಹೊದಿಕೆ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ ಈಗಿನ ಸುಮಾರು 15 ಡಿಗ್ರಿ ಸೆಲ್ಸಿಯಸ್ ಬದಲಿಗೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಪರಿಣಾಮವೇ ಕೇಡಲ್ಲ. ಹೊದಿಕೆ ಅಳತೆ ಮೀರಿ ದಪ್ಪವಾಗುವುದರಲ್ಲಿ ಕೇಡಿದೆ.

ಯಾವ ಅನಿಲ ಎಷ್ಟು ಶಾಖವನ್ನು ಹೀರುತ್ತದೆ ಎಂಬ ಅಂಕಿಅಂಶ ಅರೇನಿಯಸ್ ಅವರಿಗೆ ದೊರೆತದ್ದು ಅಚ್ಚರಿಯ ಮೂಲದಿಂದ. ಅಮೆರಿಕದ ಖಗೋಳ ವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಚಂದ್ರನ ಉಷ್ಣಾಂಶ ತಿಳಿಯಲೆಂದು ಹುಣ್ಣಿಮೆಯ ಚಂದ್ರನಿಂದ ಬರುವ ಶಾಖಕಿರಣಗಳನ್ನು ಅಳೆದಿದ್ದರು. ಚಂದ್ರ ನೆತ್ತಿಯ ಮೇಲಿರುವಾಗ ಅದರ ಕಿರಣಗಳು ಕಡಿಮೆ ಗಾಳಿಯನ್ನು ದಾಟಿ ಬರುತ್ತವೆ. ದಿಗಂತದ ಬಳಿ ಇರುವಾಗ ಹೆಚ್ಚು ಗಾಳಿಯನ್ನು ದಾಟಬೇಕಾಗುತ್ತದೆ. ಈ ಎರಡರ ನಡುವಿನ ವ್ಯತ್ಯಾಸದಿಂದ ಗಾಳಿಯಲ್ಲಿನ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಹೀರಿದ ಶಾಖವೆಷ್ಟು ಎಂಬುದನ್ನು ಅರೇನಿಯಸ್ ಹೊರಗೆಳೆದರು.

ನಂತರ ಭೂಮಿಯನ್ನು ಉತ್ತರದ 70ನೇ ಅಕ್ಷಾಂಶದಿಂದ ದಕ್ಷಿಣದ 60ನೇ ಅಕ್ಷಾಂಶದವರೆಗೆ ಹತ್ತು ಡಿಗ್ರಿಗೊಂದರಂತೆ 13 ಪಟ್ಟಿಗಳಾಗಿ ವಿಂಗಡಿಸಿದರು. ಪ್ರತಿ ಪಟ್ಟಿಗೂ ವರ್ಷದ ನಾಲ್ಕು ಋತುಗಳಿಗೆ ಪ್ರತ್ಯೇಕ ಲೆಕ್ಕ. ಅದರಲ್ಲೂ ಅನಿಲದ ಐದು ಬೇರೆ ಬೇರೆ ಪ್ರಮಾಣಗಳು. ಗಾಳಿ ಬಿಸಿಯಾದಂತೆ ಅದರಲ್ಲಿ ನೀರಾವಿಯೂ ಹೆಚ್ಚುತ್ತದೆ, ಆ ನೀರಾವಿ ಮತ್ತಷ್ಟು ಶಾಖವನ್ನು ಹಿಡಿಯುತ್ತದೆ ಎಂಬ ಸೂಕ್ಷ್ಮವನ್ನೂ ಅವರು ಬಿಡಲಿಲ್ಲ. ಹಿಮ ಕರಗಿದರೆ ನೆಲ ಹೆಚ್ಚು ಬಿಸಿಲನ್ನು ಹೀರುತ್ತದೆ ಎಂಬುದನ್ನೂ ಗಮನಿಸಿದರು.

1896ರ ಏಪ್ರಿಲ್‌ನಲ್ಲಿ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಇಂಗಾಲದ ಡೈಆಕ್ಸೈಡ್ ಇದ್ದುದಕ್ಕಿಂತ ಎರಡು ಪಟ್ಟಾದರೆ ಭೂಮಿ ಸರಾಸರಿ 5ರಿಂದ 6 ಡಿಗ್ರಿ ಬಿಸಿಯಾಗುತ್ತದೆ. ಮೂರನೇ ಒಂದು ಭಾಗ ಕಡಿಮೆಯಾದರೆ ಸುಮಾರು 3 ಡಿಗ್ರಿ ತಣ್ಣಗಾಗುತ್ತದೆ. ಬಿಸಿಯೇರಿಕೆ ಧ್ರುವಗಳ ಕಡೆ ಹೆಚ್ಚು, ಚಳಿಗಾಲದಲ್ಲಿ ಹೆಚ್ಚು, ರಾತ್ರಿಯ ಹೊತ್ತು ಹೆಚ್ಚು, ಕಡಲಿಗಿಂತ ನೆಲದ ಮೇಲೆ ಹೆಚ್ಚು ಎಂದೂ ಅವರು ಊಹಿಸಿದರು. ಇತ್ತೀಚಿನ ದಶಕಗಳಲ್ಲಿ ಮಾಪಕಗಳು ದಾಖಲಿಸಿರುವ ಬಿಸಿಯೇರಿಕೆಯ ಚಹರೆ ಬಹುಮಟ್ಟಿಗೆ ಇದೇ ಆಗಿದೆ.

ಅದೇ ಬೇಸಿಗೆಯಲ್ಲಿ, ಉತ್ತರ ಧ್ರುವಕ್ಕೆ ಬಲೂನಿನಲ್ಲಿ ಹಾರಲು ಹೊರಟಿದ್ದ ಸಾಲಮನ್ ಆಂಡ್ರೆಯ ತಂಡದೊಡನೆ ಅರೇನಿಯಸ್ ಸ್ಪಿಟ್ಸ್‌ಬರ್ಗನ್ ದ್ವೀಪಕ್ಕೆ ಹೋಗಿ ಸಮುದ್ರದ ಅಧ್ಯಯನ ನಡೆಸಿದರು. ಗಾಳಿ ಅನುಕೂಲಿಸದೆ ಆ ವರ್ಷ ಬಲೂನು ಹಾರಲಿಲ್ಲ. ಮರುವರ್ಷ ಹಾರಿದ ಆಂಡ್ರೆ ಮತ್ತು ಇಬ್ಬರು ಸಂಗಡಿಗರು ಜೀವಂತ ಮರಳಲಿಲ್ಲ.

ಬಿಸಿ ವರವೆಂದುಕೊಂಡ ಕಾಲ

ಇಷ್ಟು ದೂರ ಕಂಡವರು ಎಡವಿದ್ದು ಎಲ್ಲಿ? ಒಂದು, ವೇಗದಲ್ಲಿ. 1896ರ ಪ್ರಮಾಣದಲ್ಲಿ ಕಲ್ಲಿದ್ದಲು ಉರಿಯುತ್ತಿದ್ದರೆ ಗಾಳಿಯ ಸ್ವರೂಪ ಗಣನೀಯವಾಗಿ ಬದಲಾಗಲು ಸಾವಿರಾರು ವರ್ಷ ಬೇಕೆಂದು ಅವರು ತಿಳಿದಿದ್ದರು. 1906ರಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದು, 1908ರಲ್ಲಿ ಇಂಗ್ಲಿಷಿಗೂ ಬಂದ ಪುಸ್ತಕದಲ್ಲಿ ಆ ಅವಧಿಯನ್ನು ಕೆಲವು ಶತಮಾನಗಳಿಗೆ ಇಳಿಸಿದರು. ಕಲ್ಲಿದ್ದಲಿನ ಬಳಕೆ ಅಷ್ಟರಲ್ಲಿ ವರ್ಷಕ್ಕೆ 90 ಕೋಟಿ ಟನ್ನಿಗೆ ಏರಿತ್ತು. ಅನಿಲದ ದೊಡ್ಡ ಪಾಲನ್ನು ಸಮುದ್ರವೇ ನುಂಗಿಕೊಳ್ಳುತ್ತದೆ ಎಂಬ ಭರವಸೆಯೂ ಅವರಿಗಿತ್ತು.

ಎರಡನೆಯದು, ಬಿಸಿಯೇರಿಕೆಯನ್ನು ಅವರು ವರವೆಂದೇ ಬಗೆದದ್ದು. ದೀರ್ಘ ಚಳಿಗಾಲದ, ಅಲ್ಪ ಬೆಳೆಯ ನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಇನ್ನೊಂದು ಹಿಮಯುಗವೇ ದೊಡ್ಡ ಭಯ. ಮುಂದಿನ ಪೀಳಿಗೆ ಹಿತವಾದ ಹವೆಯಲ್ಲಿ ಬಾಳುತ್ತದೆ, ಶೀತಪ್ರದೇಶಗಳಲ್ಲಿ ಸಮೃದ್ಧ ಬೆಳೆ ಬರುತ್ತದೆ, ಹೆಚ್ಚುತ್ತಿರುವ ಜನಸಂಖ್ಯೆಗೆ ಅನ್ನ ದೊರೆಯುತ್ತದೆ ಎಂದು ಅವರು ಆಶಿಸಿದರು. ಈಗಾಗಲೇ ಬಿಸಿಲಿನಿಂದ ಬೇಯುತ್ತಿರುವ ಉಷ್ಣವಲಯದ ಗತಿಯೇನು, ಏರುವ ಕಡಲಿನ ದಡದಲ್ಲಿರುವವರ ಪಾಡೇನು ಎಂಬ ಪ್ರಶ್ನೆಗಳು ಆ ಆಶಾವಾದದಲ್ಲಿ ಸುಳಿಯಲಿಲ್ಲ. ಸಮಭಾಜಕದ ಪಟ್ಟಿಗೂ ಅನಿಲ ಎರಡು ಪಟ್ಟಾದರೆ ಸುಮಾರು 5 ಡಿಗ್ರಿ ಏರಿಕೆ ಎಂದು ಅವರದೇ ಕೋಷ್ಟಕ ಹೇಳುತ್ತಿತ್ತು. ಅಂಕಿ ಎದುರಿಗಿದ್ದರೂ ಅದರ ಹಿಂದಿನ ಜನರು ಕಾಣಲಿಲ್ಲ.

ಅವರ ಸಾಮಾಜಿಕ ನಿಲುವಿನಲ್ಲೂ ಇಂತಹ ಕುರುಡು ಇತ್ತು. 1909ರಲ್ಲಿ ಸ್ಥಾಪನೆಯಾದ, ಜನಾಂಗೀಯ ಶುದ್ಧತೆಯನ್ನು ಪ್ರತಿಪಾದಿಸುತ್ತಿದ್ದ ಸ್ವೀಡಿಷ್ ಸಂಘದ ಆಡಳಿತ ಮಂಡಳಿಯಲ್ಲಿ ಅವರೂ ಒಬ್ಬರಾಗಿದ್ದರು. ಆ ಕಾಲದ ಅನೇಕ ವಿದ್ವಾಂಸರನ್ನು ಆವರಿಸಿದ್ದ ಈ ಭ್ರಮೆಯಿಂದ ಅರೇನಿಯಸ್ ಕೂಡ ಹೊರಗುಳಿಯಲಿಲ್ಲ ಎಂಬುದನ್ನು ಮರೆಮಾಚುವಂತಿಲ್ಲ.

ಮೂಲೆ ಸೇರಿದ ಲೆಕ್ಕ

ಪ್ರಬಂಧ ಪ್ರಕಟವಾದ ನಾಲ್ಕೇ ವರ್ಷದಲ್ಲಿ ಅದಕ್ಕೆ ಪೆಟ್ಟು ಬಿದ್ದಿತು. ಪೆಟ್ಟು ಕೊಟ್ಟವರು ಉಪ್ಸಾಲದವರೇ ಆದ ಕ್ನೂಟ್ ಓಂಗ್‌ಸ್ಟ್ರೋಮ್. ಕೊಳವೆಯೊಂದರಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ನಡೆಸಿದ ಪ್ರಯೋಗದಲ್ಲಿ ಅನಿಲದ ಪ್ರಮಾಣ ಬದಲಿಸಿದರೂ ಹೀರಿಕೆಯಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಗಾಳಿಯಲ್ಲಿ ಈಗಿರುವ ಅನಿಲವೇ ಹೀರಬೇಕಾದಷ್ಟನ್ನು ಹೀರಿಬಿಟ್ಟಿದೆ, ಇನ್ನಷ್ಟು ಸೇರಿಸಿದರೂ ಫಲವಿಲ್ಲ ಎಂದು ಅವರು 1900ರಲ್ಲಿ ವಾದಿಸಿದರು. ಅರೇನಿಯಸ್ ಉತ್ತರ ಬರೆದರೂ ವಿದ್ವತ್ ವಲಯ ಓಂಗ್‌ಸ್ಟ್ರೋಮ್ ಅವರ ಪಕ್ಷ ವಹಿಸಿತು.

ಆ ವಾದದ ದೋಷ ಬಯಲಾಗಲು ಅರ್ಧ ಶತಮಾನ ಹಿಡಿಯಿತು. ವಾಯುಮಂಡಲ ಒಂದೇ ಕೊಳವೆಯಲ್ಲ, ಒಂದರ ಮೇಲೊಂದು ಹೊದ್ದ ಪದರಗಳು. ಶಾಖ ಅಂತಿಮವಾಗಿ ಅಂತರಿಕ್ಷಕ್ಕೆ ಪಾರಾಗುವುದು ಮೇಲಿನ, ತೆಳುವಾದ, ತಣ್ಣನೆಯ ಪದರಗಳಿಂದ. ಅನಿಲ ಹೆಚ್ಚಿದಂತೆ ಶಾಖ ಪಾರಾಗುವ ಪದರ ಇನ್ನೂ ಎತ್ತರಕ್ಕೆ ಸರಿಯುತ್ತದೆ. ಅಲ್ಲಿ ಚಳಿ ಹೆಚ್ಚಾದ್ದರಿಂದ ಹೊರಹೋಗುವ ಶಾಖ ಕಡಿಮೆಯಾಗುತ್ತದೆ, ಕೆಳಗಿನ ನೆಲ ಬಿಸಿಯೇರುತ್ತದೆ. 1956ರಲ್ಲಿ ಗಿಲ್ಬರ್ಟ್ ಪ್ಲಾಸ್ ಅವರು ಗಣಕಯಂತ್ರದ ನೆರವಿನಿಂದ, ಅನಿಲ ಸೇರಿದಂತೆ ಬಿಸಿಯೂ ಏರುತ್ತದೆ ಎಂಬುದನ್ನು ತೋರಿಸಿಕೊಟ್ಟರು.

ಈ ನಡುವೆ 1938ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಗೈ ಕ್ಯಾಲೆಂಡರ್, ಭೂಮಿ ಬಿಸಿಯಾಗುತ್ತಿರುವುದನ್ನು ಹಳೆಯ ಉಷ್ಣಾಂಶ ದಾಖಲೆಗಳಿಂದ ಹೆಕ್ಕಿ ತೋರಿಸಿ ಅದಕ್ಕೂ ಕಲ್ಲಿದ್ದಲಿನ ಹೊಗೆಗೂ ನಂಟು ಕಲ್ಪಿಸಿದ್ದರು. 1958ರಿಂದ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಇಂಗಾಲದ ಡೈಆಕ್ಸೈಡನ್ನು ಸತತವಾಗಿ ಅಳೆಯತೊಡಗಿದರು. ಸಮುದ್ರ ಬಹುಪಾಲನ್ನು ನುಂಗುತ್ತದೆ ಎಂಬ ಭರವಸೆ ಆ ಅಳತೆಯೆದುರು ಉಳಿಯಲಿಲ್ಲ. ಗಾಳಿಯಲ್ಲಿ ಅನಿಲ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇತ್ತು.

ಕೊನೆಯ ದಿನಗಳು

ಅರೇನಿಯಸ್ ಇದಾವುದನ್ನೂ ಕಾಣಲಿಲ್ಲ. 1905ರಲ್ಲಿ ಬರ್ಲಿನ್ನಿನಿಂದ ಬಂದ ಆಹ್ವಾನವನ್ನು ನಿರಾಕರಿಸಿ ಅವರು ತಾಯ್ನಾಡಿನಲ್ಲೇ ಉಳಿದರು. ಅವರಿಗೆಂದೇ ಸ್ಥಾಪನೆಯಾದ ಭೌತ ರಸಾಯನ ವಿಜ್ಞಾನದ ನೊಬೆಲ್ ಸಂಸ್ಥೆಯ ನಿರ್ದೇಶಕರಾದರು. ಅದೇ ವರ್ಷ ಮರಿಯಾ ಯೊಹಾನ್ಸನ್ ಅವರನ್ನು ಮದುವೆಯಾಗಿ ಮತ್ತೆ ಗೃಹಸ್ಥರಾದರು. ರೋಗನಿರೋಧಕ ಶಕ್ತಿಯ ರಸಾಯನ ವಿಜ್ಞಾನ, ನಕ್ಷತ್ರಗಳ ಹುಟ್ಟು, ಜೀವದ ಬೀಜಗಳು ಬಾಹ್ಯಾಕಾಶದಲ್ಲಿ ತೇಲಿ ಗ್ರಹಗಳನ್ನು ಸೇರುತ್ತವೆಯೇ ಎಂಬ ಜಿಜ್ಞಾಸೆ ಹೀಗೆ ಅವರ ಆಸಕ್ತಿ ಹಲವೆಡೆ ಹರಿಯಿತು. 1927ರ ಅಕ್ಟೋಬರ್ 2ರಂದು ಸ್ಟಾಕ್‌ಹೋಮ್‌ನಲ್ಲಿ ಅವರು ನಿಧನರಾದರು. ಅಂತ್ಯಸಂಸ್ಕಾರ ಬಾಲ್ಯದ ಊರಾದ ಉಪ್ಸಾಲದಲ್ಲಿ ನಡೆಯಿತು. ಹಸಿರುಮನೆ ಪರಿಣಾಮದ ಲೆಕ್ಕ ಆಗ ಅವರ ಸಾಧನೆಗಳ ಪಟ್ಟಿಯಲ್ಲಿ ಮುಂಚೂಣಿಯಲ್ಲಿರಲಿಲ್ಲ.

ಇಂದು ಜಗತ್ತು ಸುಡುತ್ತಿರುವ ಕಲ್ಲಿದ್ದಲು ವರ್ಷಕ್ಕೆ 800 ಕೋಟಿ ಟನ್ ದಾಟಿದೆ. ಹೊಗ್‌ಬೊಮ್ ಲೆಕ್ಕ ಹಾಕಿದ ಪ್ರಮಾಣದ ಹದಿನಾರು ಪಟ್ಟು ಇದು. ಅದರ ಜೊತೆಗೆ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ಬೇರೆ. ಕೈಗಾರಿಕಾ ಯುಗಕ್ಕೆ ಮುನ್ನ ಹತ್ತು ಲಕ್ಷ ಭಾಗ ಗಾಳಿಯಲ್ಲಿ 280 ಭಾಗದಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ಭಾಗ ಮೀರಿದೆ. ಸಾವಿರಾರು ವರ್ಷ ಬೇಕೆಂದುಕೊಂಡ ದಾರಿಯ ಅರ್ಧ ಎರಡೂವರೆ ಶತಮಾನದೊಳಗೆ ಸವೆದಿದೆ, ಅದರ ಬಹುಭಾಗ 1958ರ ನಂತರ. ಉಷ್ಣಾಂಶ ಕೈಗಾರಿಕಾ ಪೂರ್ವದ ಮಟ್ಟಕ್ಕಿಂತ 1.5 ಡಿಗ್ರಿಗೂ ಹೆಚ್ಚಿದ್ದ ಮೊದಲ ಕ್ಯಾಲೆಂಡರ್ ವರ್ಷವಾಗಿ 2024 ದಾಖಲಾಗಿದೆ.

ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರ ವರದಿಯಲ್ಲಿ ಅರೇನಿಯಸ್ ಅವರದೇ ಪ್ರಶ್ನೆಗೆ ಮತ್ತೆ ಉತ್ತರಿಸಿತು. ಅನಿಲ ಎರಡು ಪಟ್ಟಾದರೆ ಏರಿಕೆ 2.5ರಿಂದ 4 ಡಿಗ್ರಿ, ಅತ್ಯುತ್ತಮ ಅಂದಾಜು 3 ಡಿಗ್ರಿ. ಅರೇನಿಯಸ್ ಹೇಳಿದ್ದು ಇದಕ್ಕಿಂತ ಹೆಚ್ಚು. ಅವರ ಮಾಹಿತಿಯಲ್ಲಿ ದೋಷಗಳಿದ್ದವು, ಮೋಡಗಳ ಮತ್ತು ಗಾಳಿಯ ಚಲನೆಯ ಬದಲಾವಣೆಗಳನ್ನು ಅವರು ಹಿಡಿದಿರಲಿಲ್ಲ. ಆದರೂ ಕಾಗದ ಪೆನ್ಸಿಲ್ ಹಿಡಿದು ಒಬ್ಬರೇ ಮಾಡಿದ ಲೆಕ್ಕ ಸತ್ಯದಿಂದ ತೀರಾ ದೂರ ಉಳಿಯಲಿಲ್ಲ. ಅದೇ 2021ರಲ್ಲಿ ಭೂಮಿಯ ವಾಯುಗುಣವನ್ನು ಗಣಕಯಂತ್ರದಲ್ಲಿ ಮಾದರಿಯಾಗಿ ರೂಪಿಸಿದ ಸ್ಯುಕುರೋ ಮನಾಬೆ ಮತ್ತು ಕ್ಲಾಸ್ ಹಾಸೆಲ್‌ಮನ್ ಅವರು ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಪ್ರಶಸ್ತಿ ಪ್ರಕಟಿಸಿದ್ದು ಅರೇನಿಯಸ್ ಸದಸ್ಯರಾಗಿದ್ದ ಅದೇ ಸ್ವೀಡಿಷ್ ವಿಜ್ಞಾನ ಅಕಾಡೆಮಿ.

ಅರೇನಿಯಸ್ ಅವರ ಕಾಲಕ್ಕೆ ಈ ಪ್ರಶ್ನೆ ಕಳೆದುಹೋದ ಹಿಮಯುಗದ ಒಗಟಾಗಿತ್ತು. ಇಂದಿನವರಿಗೆ ಅದು ನಾಳಿನ ಮಳೆ, ಬೆಳೆ ಮತ್ತು ಕುಡಿಯುವ ನೀರಿನ ಪ್ರಶ್ನೆ. ಅವರ ಎಣಿಕೆ ಸಾಗಿದಷ್ಟು ನಿಧಾನವಾಗಿ ಅವರ ಭವಿಷ್ಯ ಸಾಗಲಿಲ್ಲ.